ಗದ್ದೆ ಇದ್ದಷ್ಟು ಕಾಲ ಮೈದಾನ ಇತ್ತು: ಒಂದು ಫುಟ್ಬಾಲ್ ಕ್ಲಬ್ಬಿನ ಹಳೆಯ ಅಂಗಣದ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕಿನ ಒಂದು ಊರು. ಅಲ್ಲೊಂದು ಫುಟ್ಬಾಲ್ ಕ್ಲಬ್ಬು. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರುವುದು, ಅದರಲ್ಲಿ ಹಳೆಯ ಮೈದಾನದ ಚರಿತ್ರೆಗೆ ಎಂಟು ಪುಟ ಬಿಡುವುದು ಅಂತ ತೀರ್ಮಾನವಾಯಿತು. ಬರೆಯುವ ಕೆಲಸ ಮೂವರ ತಲೆಗೆ ಬಿತ್ತು. ಅದರಲ್ಲಿ ನಾನೊಬ್ಬ. ಎಂಟೇ ಪುಟ ಅಲ್ವಾ, ಎರಡು ತಿಂಗಳಲ್ಲಿ ಮುಗಿಸಬಹುದು ಅಂದುಕೊಂಡಿದ್ದೆವು. ಒಂದೂವರೆ ವರ್ಷ ಹಿಡಿಯಿತು. ನಡುವೆ ವಕೀಲರ ನೋಟಿಸಿನವರೆಗೂ ಮಾತು ಹೋಯಿತು.

ಬೇರೆ ಊರಿನ ಕ್ಲಬ್ಬಿನವರೂ ಇಂಥ ಕೆಲಸಕ್ಕೆ ಕೈ ಹಾಕುವುದುಂಟು. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಮ್ಮಲ್ಲಿ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಊರು, ಕ್ಲಬ್ಬು, ಮನೆತನ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬೇಕೆಂದೇ ಮಸುಕು ಮಾಡಿದ್ದೇನೆ. ಗೊತ್ತಾದವರು ಗೊತ್ತಾಗದ ಹಾಗೆ ಇದ್ದುಬಿಡಿ.

ಅದು ಗದ್ದೆ

ನಮ್ಮ ಜಿಲ್ಲೆಯಲ್ಲಿ ಫುಟ್ಬಾಲ್ ಅಂದರೆ ಜನ ತೃಕ್ಕರಿಪುರ, ಮೊಗ್ರಾಲ್ ಅನ್ನುತ್ತಾರೆ. ಸರಿಯೇ. 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಿಂದ ಗೋಲು ಹೊಡೆದ ಮುಹಮ್ಮದ್ ರಾಫಿ ತೃಕ್ಕರಿಪುರದವರು. ನಮ್ಮ ಕಡೆಯಿಂದ ಅಷ್ಟು ದೊಡ್ಡ ಹೆಸರು ಬರಲಿಲ್ಲ, ಆದರೆ ಆಟಕ್ಕೇನೂ ಕಮ್ಮಿ ಇರಲಿಲ್ಲ. ತುಳು, ಮಲೆಯಾಳ, ಬ್ಯಾರಿ, ಕನ್ನಡ, ಕೊಂಕಣಿ ಎಲ್ಲ ಭಾಷೆಯಲ್ಲೂ ರೆಫ್ರಿಯನ್ನು ಬೈಯುವವರು ಒಂದೇ ಗೆರೆಯ ಹಿಂದೆ ನಿಲ್ಲುತ್ತಿದ್ದರು.

ಆ ಮೈದಾನ ಅಸಲಿಗೆ ಗದ್ದೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲಿ ಗದ್ದೆಗಳು ಮೂರು ಥರ: ಬೈಲು, ಮಜಲು, ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆಗಾಲದ್ದು ಒಂದೇ. ನಮ್ಮದು ಮಜಲು. ಸುಗ್ಗಿ ಕೊಯ್ಲು ಮುಗಿಯಿತೆಂದರೆ ಮಳೆ ಬರುವವರೆಗೆ ನೆಲ ಖಾಲಿ. ಆ ಖಾಲಿ ನಾಲ್ಕು ತಿಂಗಳಲ್ಲಿ ಒಂದು ಯಕ್ಷಗಾನ ಬಯಲಾಟ, ಒಂದು ಮತಪ್ರವಚನ, ಉಳಿದ ದಿನವೆಲ್ಲ ಫುಟ್ಬಾಲ್. ಗದ್ದೆಗೆ ತುಳುವಿನಲ್ಲಿ ಕಂಡ ಅನ್ನುತ್ತಾರೆ, ಮಲೆಯಾಳದಲ್ಲಿ ಕಂಡಂ. ಆದ್ದರಿಂದ ಮೈದಾನದ ಹೆಸರಿನ ಬಗ್ಗೆ ಮಾತ್ರ ಯಾರಿಗೂ ಜಗಳ ಇರಲಿಲ್ಲ.

ಗದ್ದೆ ಊರಿನ ಧನಿಗಳದ್ದು. 1970ರ ಜನವರಿ 1ಕ್ಕೆ ಕೇರಳದ ಭೂಸುಧಾರಣೆ ಜಾರಿಗೆ ಬಂದು ಚಾಲಗೇಣಿಯಲ್ಲಿದ್ದ, ಅಂದರೆ ಒಕ್ಕಲುಗಳಿಗೆ ಗೇಣಿಗೆ ಕೊಟ್ಟಿದ್ದ, ಅವರ ಸುಮಾರು ಜಾಗ ಒಕ್ಕಲುಗಳ ಪಾಲಾಯಿತು. ಇದೊಂದು ಮಜಲು ಸ್ವಂತ ಬೇಸಾಯದ್ದು, ಹಾಗಾಗಿ ಅವರಲ್ಲೇ ಉಳಿಯಿತು. ಆಟ ಶುರುವಾದದ್ದು ಅದಾದ ಮೇಲೆ.

ಈಗ ಅಲ್ಲಿ ಆರು ಮನೆಗಳಿವೆ. ಒಂದು ಮೂಲೆಯಲ್ಲಿ ಆರು ಪಥದ ಹೆದ್ದಾರಿಯ ಸರ್ವಿಸ್ ರಸ್ತೆ. ಕ್ಲಬ್ಬು ಗುಡ್ಡದ ಮೇಲೆ, ಪದವಿನಲ್ಲಿ, ಬಾಡಿಗೆ ಜಾಗದಲ್ಲಿ ಆಡುತ್ತದೆ.

ಮೂರು ಕಥೆ

ಮೈದಾನ ಹೇಗೆ ಹೋಯಿತು? ಊರಲ್ಲಿ ಮೂರು ಉತ್ತರ ಸಿಕ್ಕಿತು. ಒಂದು, ಧನಿಗಳು ಕ್ಲಬ್ಬಿಗೆ ದಾನ ಕೊಟ್ಟಿದ್ದರು, ಮಕ್ಕಳು ಮೊಮ್ಮಕ್ಕಳು ಮಾರಿ ತಿಂದರು. ಎರಡು, ಹೆದ್ದಾರಿ ನುಂಗಿತು. ಮೂರು, ಯಾವುದೋ ಪಕ್ಷದವರು ಒಳಗಿಂದೊಳಗೆ ಆಡಿದ ಆಟ. ಮೂರನೆಯದಕ್ಕೆ ಹೇಳುವವರ ಪಕ್ಷ ನೋಡಿಕೊಂಡು ಪಕ್ಷ ಬದಲಾಗುತ್ತಿತ್ತು. ಅದನ್ನು ಬಿಟ್ಟೆವು.

ಹೆಚ್ಚಿನವರು ನಂಬಿದ್ದು ಎರಡನೆಯದನ್ನು. ಹೆದ್ದಾರಿಯನ್ನು ಬೈದರೆ ಯಾರಿಗೂ ಬೇಜಾರಾಗುವುದಿಲ್ಲ. ನಮ್ಮ ಪದಾಧಿಕಾರಿಗಳಿಗೂ ಅದೇ ಬೇಕಿತ್ತು. ‘ಹೈವೇಗೆ ಹೋಯ್ತು ಅಂತ ಬರೆದು ಮುಗಿಸಿ ಮಾರಾಯ್ರೇ, ಎಂತಕ್ಕೆ ಸುಮ್ನೆ ಕೆದಕುವುದು?’ ಅಂತ ಒಬ್ಬರು ಮೊದಲ ಸಭೆಯಲ್ಲೇ ಹೇಳಿದ್ದರು. ಆಗ ಅವರ ಮಾತು ಕೇಳಿದ್ದರೆ ಈ ಬರಹ ಇರುತ್ತಿರಲಿಲ್ಲ. ಮೂವರಲ್ಲಿ ಚಿಕ್ಕವನೊಬ್ಬ ಇದ್ದ, ಅವನಿಗೆ ವಿದೇಶದ ಕ್ಲಬ್ಬುಗಳ ಹುಚ್ಚು. ಲಂಡನ್ನಿನ ಆರ್ಸೆನಲ್ 1913ರಿಂದ 2006ರವರೆಗೆ ಆಡಿದ ಹೈಬರಿಯ ಕಥೆಯ ಹಾಗೆ ನಮ್ಮದೂ ಬರಬೇಕು ಅನ್ನುತ್ತಿದ್ದ. ಅಲ್ಲಿ ಸ್ಟೇಡಿಯಂ ಹೋಗಿ ಫ್ಲ್ಯಾಟು ಬಂದರೂ ಈಸ್ಟ್ ಸ್ಟ್ಯಾಂಡ್ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದ ಕಾರಣ ಅದರ ಮುಖ ಹಾಗೇ ಉಳಿಯಿತು, ಆಟದ ಜಾಗ ತೋಟವಾಯಿತು. ‘ನಮ್ಮಲ್ಲಿ ಉಳಿದದ್ದು ಎಂತ?’ ಅಂತ ನಾನು ಕೇಳಿದೆ. ಇಬ್ಬರಿಗೂ ಉತ್ತರ ಹೊಳೆಯಲಿಲ್ಲ. ಉತ್ತರ ಇತ್ತು, ಕಣ್ಣೆದುರಿಗೇ ಇತ್ತು. ಅದು ಕಾಣಲು ಇನ್ನೂ ಸಮಯ ಬೇಕಿತ್ತು.

ಮೊದಲು ಮಾಡಿದ ತಪ್ಪು

ಹಳೆಯ ಆಟಗಾರರನ್ನೆಲ್ಲ ಒಂದು ಭಾನುವಾರ ಕ್ಲಬ್ಬಿನ ಕೋಣೆಗೆ ಕರೆದೆವು. ಚಹಾ, ಗೋಳಿಬಜೆ, ಮೊಬೈಲಿನಲ್ಲಿ ರೆಕಾರ್ಡಿಂಗ್. ಮೂರು ಗಂಟೆ ಮಾತಾಯಿತು. ಮನೆಗೆ ಹೋಗಿ ಕೇಳಿದರೆ ಅದರಲ್ಲಿ ಇದ್ದದ್ದು ಇಬ್ಬರದೇ ದನಿ. ದೊಡ್ಡ ಗಂಟಲಿನವರು ಹೇಳಿದ್ದಕ್ಕೆ ಉಳಿದವರು ‘ಹೌದೌದು’ ಅಂದಿದ್ದರು. ಬೇರೆ ಏನೋ ಹೇಳಲು ಬಾಯಿ ತೆರೆದವರನ್ನು ‘ನಿನಗೆ ಮರೆತುಹೋಗಿದೆ’ ಅಂತ ಕೂರಿಸಿದ್ದರು. ಹತ್ತು ಜನರ ನೆನಪು ಸಿಗಬೇಕಾದ ಕಡೆ ಒಂದು ನೆನಪಿನ ಹತ್ತು ಪ್ರತಿ ಸಿಕ್ಕಿದ ಹಾಗಾಯಿತು.

ಒಂದು ವಿಷಯಕ್ಕೆ ಮಾತ್ರ ಜೋರು ಜಗಳ ಆಗಿತ್ತು. ಗೋಲು ಕಂಬ ಯಾವ ಕಡೆ ಇತ್ತು? ಹಳೆಯ ಗೋಲ್‌ಕೀಪರ್ ಒಬ್ಬರು, ನಾವೆಲ್ಲ ಇಚ್ಚ ಅಂತ ಕರೆಯುವವರು, ‘ಸೆಕೆಂಡ್ ಹಾಫಿನಲ್ಲಿ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ, ಬಾಲ್ ಕಾಣುತ್ತಿರಲಿಲ್ಲ’ ಅಂದರು. ಅವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಾದ ಇನ್ನೊಬ್ಬ ಕೀಪರ್ ‘ಇಲ್ಲವೇ ಇಲ್ಲ, ಬಿಸಿಲು ಬಲಗಡೆಯಿಂದ ಬರುತ್ತಿತ್ತು’ ಅಂದರು. ಇಚ್ಚ ಸಿಟ್ಟಿನಲ್ಲಿ ಚಹಾ ಬಿಟ್ಟು ಎದ್ದು ಹೋದರು. ನಾವು ಇದನ್ನು ವಯಸ್ಸಾದವರ ಹಠ ಅಂತ ತಳ್ಳಿಹಾಕಿದೆವು. ಇಡೀ ಪ್ರಕರಣದಲ್ಲಿ ಅದಕ್ಕಿಂತ ಮುಖ್ಯ ಸುಳಿವು ಬೇರೆ ಇರಲಿಲ್ಲ.

ಆಮೇಲೆ ದಾರಿ ಬದಲಾಯಿಸಿದೆವು. ಒಬ್ಬೊಬ್ಬರನ್ನೇ ಮಾತಾಡಿಸುವುದು. ಕೋಣೆಯಲ್ಲಿ ಬೇಡ, ಅದೇ ಜಾಗಕ್ಕೆ ಕರೆದುಕೊಂಡು ಹೋಗುವುದು. ಹೊತ್ತು ಕೂಡ ಆಟದ ಹೊತ್ತೇ, ಸಂಜೆ ನಾಲ್ಕೂವರೆ. ಮನೆಯವರ ಅನುಮತಿ ಕೇಳಿ ಅಂಗಳದಲ್ಲಿ ನಿಂತೆವು. ಇಚ್ಚ ಸುತ್ತ ನೋಡಿದರು, ಬಾವಿಕಟ್ಟೆ ಗುರುತು ಹಿಡಿದರು, ಅಲ್ಲಿಂದ ಹೆಜ್ಜೆ ಎಣಿಸಿ ಒಂದು ಮನೆಯ ಅಡುಗೆಮನೆ ಗೋಡೆಯ ಹತ್ತಿರ ನಿಂತು ಪಶ್ಚಿಮಕ್ಕೆ ಮುಖ ಮಾಡಿದರು. ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಮಾರನೇ ದಿನ ಇನ್ನೊಬ್ಬ ಕೀಪರನ್ನು ಕರೆತಂದೆವು. ಅವರು ನಿಂತದ್ದು ಬೇರೆ ಕಡೆ, ಉತ್ತರದ ತುದಿಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿ. ಬಿಸಿಲು ಬಲಗಡೆಯಿಂದಲೇ ಬರುತ್ತಿತ್ತು.

ಇಬ್ಬರೂ ಸರಿ. ಮೈದಾನವೇ ನಡುವೆ ಒಂದು ಸಲ ತಿರುಗಿತ್ತು! ಮೊದಲು ಪೂರ್ವ ಪಶ್ಚಿಮ, ಆಮೇಲೆ ಉತ್ತರ ದಕ್ಷಿಣ. ಯಾಕೆ ತಿರುಗಿತು ಅನ್ನುವುದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ‘ಮಣ್ಣು ಹಾಕಿದ ಮೇಲೆ’ ಅಂತ ಮಾತ್ರ ಎಲ್ಲರೂ ಹೇಳಿದರು.

ಇಸವಿ ಹುಡುಕುವುದು

ಇಸವಿ ಕೇಳಿದರೆ ಯಾರೂ ಸರಿ ಹೇಳುವುದಿಲ್ಲ. ‘ಆವಾಗ ರೇಡಿಯೋದಲ್ಲಿ ಎಂತ ಬರುತ್ತಿತ್ತು?’ ಅಂತ ಕೇಳಿದರೆ ಹೇಳುತ್ತಾರೆ. ಇದು ನಮಗೆ ತಡವಾಗಿ ಹೊಳೆದ ಉಪಾಯ. ಮೊದಲ ಟೂರ್ನಮೆಂಟು ಯಾವಾಗ ಅಂದಾಗ ಇಚ್ಚ, ‘ಮಣಿ ಮೂರು ಗೋಲು ಹೊಡೆದ ವರ್ಷದ ಸುಗ್ಗಿ ಕೊಯ್ದ ಮೇಲೆ’ ಅಂದರು. ಕೊಚ್ಚಿಯಲ್ಲಿ ರೈಲ್ವೇಸ್ ತಂಡವನ್ನು 3–2ರಲ್ಲಿ ಸೋಲಿಸಿ ಕೇರಳ ಮೊದಲ ಸಲ ರಾಷ್ಟ್ರಮಟ್ಟದ ಸಂತೋಷ್ ಟ್ರೋಫಿ ಎತ್ತಿದ್ದು 1973ರ ಡಿಸೆಂಬರಿನಲ್ಲಿ, ಮೂರೂ ಗೋಲು ನಾಯಕ ಮಣಿಯದ್ದು. ಅಂದರೆ ನಮ್ಮ ಮೊದಲ ಟೂರ್ನಮೆಂಟು 1974ರ ಆರಂಭದ ತಿಂಗಳುಗಳಲ್ಲಿ. ಇದೇ ಹಾಗೆ ‘ಕಾಸರಗೋಡು ಜಿಲ್ಲೆ ಆದ ವರ್ಷ’ ಅಂದರೆ 1984, ‘ಮರಡೋನಾನ ವರ್ಷ’ ಅಂದರೆ 1986.

ಮಣ್ಣು ಹಾಕಿದ್ದು ಯಾವಾಗ? ಅದಕ್ಕೂ ಗುರುತು ಸಿಕ್ಕಿತು. ಮಣ್ಣು ಹಾಕಿದ ಮೇಲಿನ ಮೊದಲ ಮಳೆಯಲ್ಲಿ ನೆಲ ಕುಸಿಯುತ್ತದಾ ಅಂತ ನೋಡಲು ಹೋಗಿ, ವಾಪಸು ಬಂದು ಟಿವಿ ಮುಂದೆ ಕೂತದ್ದು, ಹಗಲು ಹೊತ್ತಿನಲ್ಲೇ ವಿಶ್ವಕಪ್ ಮ್ಯಾಚು. ಜಪಾನ್ ಮತ್ತು ಕೊರಿಯಾ, 2002.

(ಇಲ್ಲೊಂದು ಅಡ್ಡ ಮಾತು. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಇದೇ ಇಚ್ಚನಿಗೆ ಫೋನ್ ಮಾಡಿ, ‘ಎರಡೂ ನಮ್ಮದೇ ಅಲ್ವಾ ಇಚ್ಚ’ ಅಂದಿದ್ದೆ. ‘ಮಣಿ ಒಬ್ಬನೇ ನಮ್ಮವ’ ಅಂದಿದ್ದರು. ಗಡಿನಾಡಿನಲ್ಲಿ ಇಂಥ ಉತ್ತರಕ್ಕೆ ಎದುರಾಡಬಾರದು.)

ಒಂದು ಶಬ್ದದಿಂದ ಆದದ್ದು

ನಾಲ್ಕು ತಿಂಗಳಾದ ಮೇಲೆ ಮೊದಲ ಕರಡು ಬರೆದೆವು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಊರಿನ ಧನಿಗಳು ಈ ಮೈದಾನವನ್ನು ಕ್ಲಬ್ಬಿಗೆ ದಾನವಾಗಿ ಕೊಟ್ಟಿದ್ದರು.’ ಎಲ್ಲ ಹಿರಿಯರೂ ‘ಅವರು ಕೊಟ್ಟದ್ದು’ ಅಂದಿದ್ದರು. ನಾವು ಕೊಟ್ಟದ್ದನ್ನು ದಾನ ಮಾಡಿಬಿಟ್ಟೆವು. ಬರಹ ಸ್ವಲ್ಪ ಗಂಭೀರವಾಗಿ ಕಾಣಲಿ ಅಂತ ಹಾಕಿದ ಶಬ್ದ ಅದು, ಬೇರೆ ಉದ್ದೇಶ ಇರಲಿಲ್ಲ.

ಕರಡಿನ ಫೋಟೋ ಯಾರೋ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹಾರಿ, ಕೊನೆಗೆ ಗಲ್ಫಿನಲ್ಲಿರುವ ಧನಿಗಳ ಮೊಮ್ಮಗನನ್ನು ಮುಟ್ಟಿತು. ಅವರಿಗೆ ಅದು ಚರಿತ್ರೆಯ ಹಾಗೆ ಕಾಣಲಿಲ್ಲ, ಜಾಗದ ಮೇಲೆ ಹಕ್ಕು ಹೂಡುವ ತಯಾರಿಯ ಹಾಗೆ ಕಂಡಿತು. ಯಾಕೆ ಕಾಣಬಾರದು? ಮಾರಿದ ಜಾಗ, ಕೊಂಡವರು ಮನೆ ಕಟ್ಟಿ ಕೂತಿದ್ದಾರೆ, ಈಗ ಅಚ್ಚಾದ ಪುಸ್ತಕದಲ್ಲಿ ‘ದಾನ’ ಅಂತ ಬಂದರೆ ನಾಳೆ ಅದನ್ನು ಯಾರು ಎಲ್ಲಿ ತೋರಿಸುತ್ತಾರೋ. ರಾತ್ರಿ ಫೋನ್ ಬಂತು. ಮಾತು ಬಿಸಿಯಾಯಿತು. ವಕೀಲರನ್ನು ಕಾಣುತ್ತೇನೆ ಅಂದರು.

ಇಲ್ಲಿ ಎರಡು ದಾರಿ ಇತ್ತು. ಪದಾಧಿಕಾರಿಗಳು ಎಂಟು ಪುಟ ತೆಗೆದು ಅಲ್ಲಿ ಜಾಹೀರಾತು ಹಾಕೋಣ ಅಂದರು. ಚಿಕ್ಕವನಿಗೆ ಸಿಟ್ಟು, ‘ಇದ್ದದ್ದನ್ನು ಬರೆದರೆ ಹೆದರುವುದೇಕೆ’ ಅಂದ. ನಾವು ಎರಡನ್ನೂ ಮಾಡಲಿಲ್ಲ. ಮೊದಲು ಕಾಗದ ನೋಡುವುದು, ಆಮೇಲೆ ಕರಡು ಹಿಡಿದುಕೊಂಡು ನೇರ ಆ ಮನೆಗೇ ಹೋಗುವುದು ಅಂತ ನಿಶ್ಚಯಿಸಿದೆವು. ಪದಾಧಿಕಾರಿಗಳು ಬರುವುದು ಬೇಡ, ಬರೆದ ಮೂವರೇ ಸಾಕು.

ಕಾಗದದ ಕೆಲಸ ಸುಲಭ ಅಲ್ಲ. 1956ಕ್ಕಿಂತ ಹಿಂದಿನದ್ದು ಮದರಾಸಿನ ಕಾಲದ್ದು, ಇಂಗ್ಲಿಷ್ ಮತ್ತು ಕನ್ನಡ. ಆಮೇಲಿನದ್ದು ಮಲೆಯಾಳ. ಹಳೆಯ ಸರ್ವೆ ನಂಬರಿಗೂ ಹೊಸದಕ್ಕೂ ತಾಳೆ ಹಾಕುವುದೇ ಒಂದು ದಿನದ ಕೆಲಸ. ಮೂವರಲ್ಲಿ ಒಬ್ಬರಿಗೆ ಮಲೆಯಾಳ ಓದಲು ಚೆನ್ನಾಗಿ ಬರುತ್ತಿದ್ದದ್ದರಿಂದ ಬಚಾವಾದೆವು. ವಿಲೇಜ್ ಆಫೀಸಿನ ತೆರಿಗೆ ರಿಜಿಸ್ಟರಿನಲ್ಲಿ ಜಾಗ ಕೊನೆಯವರೆಗೂ ಧನಿಗಳ ಹೆಸರಲ್ಲೇ ಇತ್ತು, ಕ್ಲಬ್ಬಿನ ಹೆಸರು ಎಲ್ಲೂ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇಸಿ, ಅಂದರೆ ಜಾಗದ ಮೇಲಿನ ವಹಿವಾಟುಗಳ ಋಣಭಾರ ಪತ್ರ, ತೆಗೆದೆವು. ಧನಿಗಳು ತೀರಿಕೊಂಡ ಮೇಲೆ ಪಾಲುಪತ್ರ, ಆಮೇಲೆ ಒಂದರ ಹಿಂದೆ ಒಂದು ಕ್ರಯದ ದಸ್ತಾವೇಜು. ಕೊನೆಯ ಕ್ರಯ ಕೂಡ ಹೆದ್ದಾರಿಗೆ ಜಾಗ ಗುರುತು ಮಾಡುವುದಕ್ಕಿಂತ ಮುಂಚಿನದ್ದು. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ 45 ಮೀಟರ್ ಅಗಲಕ್ಕೆ ಜಾಗ ತೆಗೆದುಕೊಂಡಾಗ ನಮ್ಮ ಕಡೆ ಹೋದದ್ದು ಒಂದು ಮೂಲೆ ಮಾತ್ರ, ಹಿಂದೆ ಟಿಕೆಟ್ ಕೌಂಟರ್ ಇದ್ದ ಕಡೆ.

ದಾನದ ಕಥೆ ಬಿತ್ತು. ಹೆದ್ದಾರಿಯ ಕಥೆಯೂ ಬಿತ್ತು.

ದೊಡ್ಡಮ್ಮನ ಲೆಕ್ಕದ ಪುಸ್ತಕ

ಆ ಮನೆಯಲ್ಲಿ ಮಾತಾಡಿದ್ದು ಧನಿಗಳ ಸೊಸೆ, ಎಂಬತ್ತು ದಾಟಿದ ದೊಡ್ಡಮ್ಮ. ಕರಡನ್ನು ಪೂರ್ತಿ ಓದಿಸಿ ಕೇಳಿದರು. ದಾನ ಅನ್ನುವ ಕಡೆ ಕೈ ಎತ್ತಿ ನಿಲ್ಲಿಸಿದರು. ‘ಮಾವ ದಾನ ಕೊಟ್ಟದ್ದಲ್ಲ ಮಕ್ಕಳೇ. ಆಡಲಿಕ್ಕೆ ಕೊಟ್ಟದ್ದು. ಪತ್ತನಾಜೆಗೆ ಗದ್ದೆ ವಾಪಸು ಬರಬೇಕಿತ್ತು.’

ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಕೋಲ, ಬಯಲಾಟ ಎಲ್ಲಕ್ಕೂ ಅವತ್ತು ಗಂಟು ಕಟ್ಟುತ್ತಾರೆ. ನಮ್ಮ ಆಟಕ್ಕೂ ಅದೇ ಗಡುವು ಅಂತ ನಮಗೆ ಗೊತ್ತೇ ಇರಲಿಲ್ಲ. ದೊಡ್ಡಮ್ಮ ಒಳಗಿಂದ ಮಾವನ ಕಾಲದ ಲೆಕ್ಕದ ಪುಸ್ತಕ ತರಿಸಿದರು. ಕೂಲಿ, ಬಿತ್ತು, ಗೊಬ್ಬರದ ನಡುವೆ ವರ್ಷಕ್ಕೊಂದು ಸಾಲು: ಬಾಲು ಆಟದವರು ಹುಣಿ ಕಟ್ಟಿಸಿ ಕೊಟ್ಟರು. ಕೆಲವು ವರ್ಷ ‘ಕಟ್ಟಿಸಲಿಲ್ಲ’ ಅಂತಲೂ ಇತ್ತು. ಓದುವಾಗ ನಮಗೆ ಸ್ವಲ್ಪ ನಾಚಿಕೆ ಆಯಿತು.

ಹುಣಿ ಅಂದರೆ ಗದ್ದೆಯ ಅಂಚು. ಎರಡು ಗದ್ದೆ ಸೇರಿಸಿದರೆ ಮಾತ್ರ ಆಟಕ್ಕೆ ಜಾಗ ಸಾಕಾಗುತ್ತಿತ್ತು. ನಡುವಿನ ಒಂದು ಹುಣಿ ಕಡಿಯಲು ಧನಿಗಳು ಒಪ್ಪಿದ್ದರು, ಮಳೆಗೆ ಮೊದಲು ಅದನ್ನು ಮತ್ತೆ ಕಟ್ಟಿ ಕೊಡಬೇಕು ಅನ್ನುವ ಷರತ್ತಿನ ಮೇಲೆ. ಹಾಗೆ ಸೇರಿದ ಎರಡು ಗದ್ದೆ ಪೂರ್ವ ಪಶ್ಚಿಮವಾಗಿದ್ದವು. ಮೈದಾನ ಆ ದಿಕ್ಕಿಗೆ ಇದ್ದದ್ದು ಅದಕ್ಕೇ. ಹನ್ನೊಂದು ಜನರ ಆಟಕ್ಕೆ ನಿಯಮದ ಪ್ರಕಾರ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಬೇಕು. ಅಷ್ಟು ಸಿಗುತ್ತಿರಲಿಲ್ಲ. ಹಾಗಾಗಿ ಸೆವೆನ್ಸ್, ಅಂದರೆ ಏಳೇಳು ಜನರ ಆಟ. ಕೂಳೆಯ ಮೇಲೆ ಬರಿಗಾಲಲ್ಲಿ ಓಡಿ ಪಾದ ಹರಿದುಕೊಂಡವರು ಅವರ ಕಾಲದ ಶೂರರು.

ದೊಡ್ಡಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಗದ್ದೆ ಹೋದದ್ದು ನಾವು ಮಾರಿದಾಗ ಅಂತ ಬರೆದಿದ್ದೀರಿ. ಮಣ್ಣು ಹಾಕಿದವರು ಯಾರು?’

ನಮಗೆ ಉತ್ತರ ಬರಲಿಲ್ಲ. ಮಣ್ಣು ಹಾಕಿದ್ದು ಕ್ಲಬ್ಬು.

ಅರವತ್ತು ಚಿಲ್ಲರೆ ಲೋಡು

ಇದು ಕ್ಲಬ್ಬಿನ ದೊಡ್ಡ ಹೆಮ್ಮೆ. ನಿವೃತ್ತ ಮಾಷ್ಟ್ರು ಒಬ್ಬರು ಆಗ ಖಜಾಂಚಿ. ಅವರ ನಗದು ಪುಸ್ತಕದ ಅರ್ಧ ಗೆದ್ದಲು ತಿಂದಿದೆ, ಉಳಿದ ಅರ್ಧದಲ್ಲಿ ಕೆಂಪು ಮಣ್ಣಿನ ಅರವತ್ತು ಚಿಲ್ಲರೆ ಲೋಡುಗಳ ಲೆಕ್ಕ ಇದೆ. ದುಡ್ಡು ಬಹುತೇಕ ಗಲ್ಫಿನಲ್ಲಿದ್ದ ಹಳೆಯ ಆಟಗಾರರದ್ದು. ಯಾಕೆ ಹಾಕಿದರು ಅಂದರೆ ಸೆವೆನ್ಸ್ ದೊಡ್ಡದಾಗಿತ್ತು. ಬಿದಿರು ಮತ್ತು ಅಡಿಕೆ ಮರದ ಗ್ಯಾಲರಿ, ರಾತ್ರಿ ಲೈಟು, ಊರೂರಿಗೆ ಜೀಪಿನಲ್ಲಿ ಮೈಕು, ಆಫ್ರಿಕಾದಿಂದ ಬಂದ ಆಟಗಾರರು. ಮಾರ್ಚಿನಲ್ಲಿ ಒಂದು ಬೇಸಿಗೆ ಮಳೆ ಬಿದ್ದರೆ ಗದ್ದೆ ಕೆಸರಾಗಿ ಇಡೀ ವಾರದ ಟಿಕೆಟ್ ದುಡ್ಡು ಮುಳುಗುತ್ತಿತ್ತು. ನೆಲ ಎತ್ತರಿಸಿದರೆ ಹನ್ನೊಂದರ ಆಟಕ್ಕೂ ಜಾಗ ಆಗುತ್ತದೆ, ಉತ್ತರ ದಕ್ಷಿಣ ತಿರುಗಿಸಿದರೆ ಕೀಪರ್ ಕಣ್ಣಿಗೆ ಬಿಸಿಲೂ ಹೊಡೆಯುವುದಿಲ್ಲ. ಧನಿಗಳು ಒಪ್ಪಿದರು. ತೋಡಿಗೆ ಕಟ್ಟ (ನೀರು ತಡೆಯುವ ಒಡ್ಡು) ಕಟ್ಟುವವರಿಲ್ಲದೆ ಸುಗ್ಗಿಗೆ ನೀರು ಸಿಗುವುದು ನಿಂತು ಹೋಗಿತ್ತು, ಕೆಲಸದವರು ಸಿಗುತ್ತಿರಲಿಲ್ಲ, ಬೇಸಾಯ ನಷ್ಟ. ಅವರ ಮನಸ್ಸಿನಲ್ಲಿ ಬೇರೆ ಲೆಕ್ಕ ಇತ್ತು ಅಂತ ಹೇಳುವವರಿದ್ದಾರೆ. ಅದಕ್ಕೆ ನಮಗೆ ಪುರಾವೆ ಸಿಗಲಿಲ್ಲ. ಆದ್ದರಿಂದ ಬರೆಯಲಿಲ್ಲ.

1967ರ ಭೂಬಳಕೆ ಆದೇಶದ ಪ್ರಕಾರ ಗದ್ದೆಯನ್ನು ಬೇರೆ ಕೆಲಸಕ್ಕೆ ಬಳಸಲು ಕಲೆಕ್ಟರ ಅನುಮತಿ ಬೇಕಿತ್ತು. ಅಂಥ ಕಾಗದ ನಮ್ಮ ಪೆಟ್ಟಿಗೆಯಲ್ಲೂ ಇಲ್ಲ, ಅವರ ಪೆಟ್ಟಿಗೆಯಲ್ಲೂ ಇಲ್ಲ.

ಆಮೇಲೆ ಬಂತು 2008ರ ಕಾಯ್ದೆ. ಗದ್ದೆ ಮತ್ತು ಜೌಗು ನೆಲ ಉಳಿಸುವ ಕೇರಳದ ಆ ಕಾಯ್ದೆ ಆಗಸ್ಟ್ 12ಕ್ಕೆ ಜಾರಿಯಾಯಿತು. ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ರೈತರ ಪ್ರತಿನಿಧಿಗಳು ಇರುವ ಸ್ಥಳೀಯ ಸಮಿತಿ ಊರಲ್ಲಿ ಉಳಿದ ಗದ್ದೆಗಳ ಪಟ್ಟಿ ಮಾಡಬೇಕು. ಅದೇ ಡೇಟಾ ಬ್ಯಾಂಕ್. ಅದರಲ್ಲಿ ಹೆಸರು ಬಂದ ಗದ್ದೆಗೆ ಮಣ್ಣು ಹಾಕಿ ಮನೆ ಕಟ್ಟುವುದು ಬಹಳ ಕಷ್ಟ. ನಾವು ಕೃಷಿಭವನದಲ್ಲಿ ಪಟ್ಟಿ ನೋಡಿದೆವು. ನಮ್ಮ ಮೈದಾನದ ಪಕ್ಕದ ಮಜಲು ಅದರಲ್ಲಿದೆ. ಅದರಾಚೆಯದ್ದೂ ಇದೆ. ನಮ್ಮದಿಲ್ಲ. ಆರು ವರ್ಷ ಮೊದಲೇ ಅದು ಕೆಂಪು ಮಣ್ಣಿನ ಮೈದಾನವಾಗಿತ್ತಲ್ಲ. ತೆರಿಗೆ ರಿಜಿಸ್ಟರಿನಲ್ಲಿ ‘ನಿಲಂ’ (ಗದ್ದೆ) ಅಂತಲೇ ಇದ್ದರೂ, ಡೇಟಾ ಬ್ಯಾಂಕಿನಲ್ಲಿಲ್ಲದ ಅಂಥ ಜಾಗದ ಸ್ವರೂಪ ಬದಲಾಯಿಸಲು ಕಂದಾಯ ಕಚೇರಿಯಲ್ಲಿ ದಾರಿ ಇದೆ. 2018ರ ತಿದ್ದುಪಡಿ ಆ ದಾರಿಯನ್ನು ಇನ್ನೂ ಸಲೀಸು ಮಾಡಿತು.

ಅಂದರೆ ಮೈದಾನವನ್ನು ಮನೆಜಾಗ ಮಾಡಿದ್ದು ನಾವೇ ಹಾಕಿದ ಮಣ್ಣು. ಪಕ್ಕದ ಮಜಲು ಇವತ್ತಿಗೂ ಖಾಲಿ ಬಿದ್ದಿದೆ, ಬೇಸಿಗೆಯಲ್ಲಿ ಮಕ್ಕಳು ಎರಡು ಕಲ್ಲಿಟ್ಟು ಅಲ್ಲೇ ಆಡುತ್ತಾರೆ.

ಇದನ್ನು ಅಚ್ಚು ಹಾಕುವುದಾ ಬೇಡವಾ

ಕಷ್ಟದ ತೀರ್ಮಾನ ಇದೇ. ಮಣ್ಣು ಹಾಕಿದವರೆಲ್ಲ ಬದುಕಿದ್ದಾರೆ. ತಮ್ಮ ದುಡಿಮೆಯ ದುಡ್ಡು ಕಳಿಸಿದವರು ಈಗ ವಾರ್ಷಿಕೋತ್ಸವಕ್ಕೂ ದೇಣಿಗೆ ಕೊಟ್ಟವರು. ‘ನಿಮ್ಮಿಂದಲೇ ಹೋಯಿತು’ ಅಂತ ಅವರ ಮುಖಕ್ಕೆ ಅಚ್ಚು ಹಾಕುವುದು ಹೇಗೆ? ಅದೂ ಅಲ್ಲದೆ 2002ರಲ್ಲಿ 2008ರ ಕಾಯ್ದೆ ಯಾರಿಗೆ ಗೊತ್ತಿತ್ತು? ಈಗ ಕೂತು ಅವತ್ತಿನವರನ್ನು ದಡ್ಡರು ಅನ್ನುವುದು ಸುಲಭ.

ಮಾಷ್ಟ್ರಿಗೆ ಮೊದಲು ಓದಿ ಹೇಳಿದೆವು. ಅವರು ಏನೂ ಅನ್ನಲಿಲ್ಲ. ಒಂದು ವಾರ ಫೋನೂ ಎತ್ತಲಿಲ್ಲ. ಎಂಟನೇ ದಿನ ತಾವೇ ಬಂದರು, ಕೈಯಲ್ಲಿ ಹಳೆಯ ಸಭೆಯ ನಡಾವಳಿ ಪುಸ್ತಕ. ಮಣ್ಣು ಹಾಕುವ ತೀರ್ಮಾನದ ದಿನ ಅವರದೇ ಕೈಬರಹದಲ್ಲಿ ಒಂದು ಸಾಲು: ‘ಒಬ್ಬ ಸದಸ್ಯರ ವಿರೋಧದೊಂದಿಗೆ ಅಂಗೀಕರಿಸಲಾಯಿತು.’ ಹೆಸರಿಲ್ಲ. ‘ಅವರು ಹೇಳಿದ್ದು ನನಗೆ ನೆನಪುಂಟು. ಮಣ್ಣು ಬಿದ್ದರೆ ಅದು ಗದ್ದೆ ಅಲ್ಲ, ಜಾಗ. ಜಾಗಕ್ಕೆ ಸೆಂಟಿನ ಲೆಕ್ಕ ಬರುತ್ತದೆ ಅಂದಿದ್ದರು. ನಾವೆಲ್ಲ ನಗಾಡಿದ್ದೆವು. ಇದನ್ನೂ ಹಾಕಿ’ ಅಂದರು ಮಾಷ್ಟ್ರು. ಯಾರು ಅಂತ ಮಾತ್ರ ಹೇಳಲಿಲ್ಲ. ವಿಷಯ ಹೊರಗೆ ಬಂದ ಮೇಲೆ ಆ ಒಬ್ಬರು ತಾನೇ ಅಂತ ಹೇಳುವವರು ನಾಲ್ಕು ಜನ ಆಗಿದ್ದಾರೆ.

ಬರೆಯುವ ರೀತಿಯನ್ನು ಆಮೇಲೆ ಪೂರ್ತಿ ಬದಲಾಯಿಸಿದೆವು. ‘ಯಾರಿಂದ ಹೋಯಿತು’ ಅನ್ನುವ ಶೀರ್ಷಿಕೆ ತೆಗೆದೆವು. ಹುಣಿಯಿಂದ ಶುರು ಮಾಡಿದೆವು. ಆಡಲಿಕ್ಕೆ ಕೊಟ್ಟದ್ದು, ಹುಣಿ ಕಟ್ಟಿದ ವರ್ಷಗಳು, ಕಟ್ಟದ ವರ್ಷಗಳು, ಸುಗ್ಗಿ ನಿಂತದ್ದು, ಮಣ್ಣು, ತಿರುಗಿದ ಮೈದಾನ, ಪಾಲು, ಕ್ರಯ, ಕೊನೆಗೆ ಹೆದ್ದಾರಿಯ ಮೂಲೆ. ಅವತ್ತು ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅನ್ನುವುದನ್ನು ಪ್ರತಿ ಕಡೆ ಹಾಕಿದೆವು. ದಾನ ಅನ್ನುವ ಶಬ್ದ ಹೋಯಿತು. ಅಚ್ಚಿಗೆ ಹೋಗುವ ಮುಂಚೆ ದೊಡ್ಡಮ್ಮನ ಮನೆಗೂ ಮಾಷ್ಟ್ರಿಗೂ ಒಂದೇ ಪ್ರತಿ, ಒಂದೇ ದಿನ ಕೊಟ್ಟೆವು. ಯಾರಿಗೋ ಮೊದಲು ಕೊಟ್ಟರು ಅನ್ನುವ ಮಾತು ಬರಬಾರದಲ್ವಾ. ಮೊಮ್ಮಗ ಎರಡು ಸಾಲು ತಿದ್ದಿದರು, ಎರಡೂ ನ್ಯಾಯವಾಗಿದ್ದವು. ವಕೀಲರ ಮಾತು ಮತ್ತೆ ಬರಲಿಲ್ಲ.

ಏನಾಯಿತು

ಎಲ್ಲರೂ ಖುಷಿಪಡಲಿಲ್ಲ. ಗಲ್ಫಿನಿಂದ ಬಂದಿದ್ದ ಇಬ್ಬರು ವೇದಿಕೆ ಹತ್ತಲಿಲ್ಲ. ಒಬ್ಬರು ಸಂಚಿಕೆಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ಹೈವೇ ಅಂತ ಬರೆಯಿರಿ ಅಂದಿದ್ದ ಪದಾಧಿಕಾರಿ ಈಗಲೂ ಹೈವೇ ಅಂತಲೇ ಹೇಳುತ್ತಾರೆ, ನಾವೂ ಬಿಟ್ಟಿದ್ದೇವೆ.

ಕ್ಲಬ್ಬಿನಲ್ಲಿ ಒಂದು ಬದಲಾವಣೆ ಆಯಿತು. ಪದವಿನ ಹೊಸ ಜಾಗ ಬಾಯಿಮಾತಿನದ್ದಾಗಿತ್ತು. ಮುಂದಿನ ಮಹಾಸಭೆಯಲ್ಲಿ ಯಾರೋ ಎದ್ದು ನಿಂತು ಆ ಎಂಟು ಪುಟ ತೋರಿಸಿ, ‘ಇದಕ್ಕೆ ಕಾಗದ ಉಂಟಾ?’ ಅಂತ ಕೇಳಿದರು. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿ ಕರಾರು ನೋಂದಣಿ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಜಾಗದವರು ಮೊದಲು ಹಿಂದೆ ಮುಂದೆ ನೋಡಿದರು, ಆಮೇಲೆ ಐದು ವರ್ಷಕ್ಕೆ ಒಪ್ಪಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದರು. ಕರಾರಿನಲ್ಲಿ ಒಂದು ಸಾಲು ನಮ್ಮ ಒತ್ತಾಯದಿಂದ ಸೇರಿತು: ಇಬ್ಬರೂ ಬರಹದಲ್ಲಿ ಒಪ್ಪದೆ ನೆಲ ಎತ್ತರಿಸುವುದಿಲ್ಲ, ತಗ್ಗಿಸುವುದಿಲ್ಲ.

ಮತ್ತೆ ಹೈಬರಿಯ ಪ್ರಶ್ನೆ. ನಮ್ಮಲ್ಲಿ ಉಳಿದದ್ದು ಎಂತ? ಹಳೆಯ ಮೈದಾನದ ಪೂರ್ವಕ್ಕೆ ಒಂದು ಇಳಿಜಾರು ಇದೆ. ಜನ ಅಲ್ಲಿ ಕೂತು ಆಟ ನೋಡುತ್ತಿದ್ದರು, ಮುರಕಲ್ಲಿನಲ್ಲೇ ಕಡಿದ ನಾಲ್ಕು ಸಾಲು ಮೆಟ್ಟಿಲು ಇತ್ತು. ಆ ಇಳಿಜಾರು ಕುಮ್ಕಿ. ಅಂದರೆ ಹಳೆಯ ವರ್ಗ (ಪಟ್ಟಾ) ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ, ವರ್ಗದಾರರಿಗೆ ಅಲ್ಲಿ ಸೊಪ್ಪು, ಸೌದೆ, ಮೇವಿನ ಸೌಲಭ್ಯ ಮಾತ್ರ. ಅದನ್ನು ಯಾರೂ ಪಾಲು ಮಾಡಲಿಲ್ಲ, ಮಾರಲಿಲ್ಲ. ಪೊದೆ ಕಡಿದು ನೋಡಿದರೆ ಮೆಟ್ಟಿಲು ನಾಲ್ಕೂ ಹಾಗೇ ಇವೆ. ಚಿಕ್ಕವನು ಫೋಟೋ ತೆಗೆದ, ಸಂಚಿಕೆಯ ಹಿಂದಿನ ರಕ್ಷಾಪುಟಕ್ಕೆ ಅದನ್ನೇ ಹಾಕಿದೆವು.

ಮುಂದಿನ ತಿಂಗಳು ಇಚ್ಚ ಸಂಚಿಕೆ ಹಿಡಿದುಕೊಂಡು ಮನೆಗೆ ಬಂದರು. ನಕ್ಷೆಯಲ್ಲಿ ಬಾವಿಕಟ್ಟೆಯನ್ನು ಗೆರೆಯ ಒಳಗೆ ಹಾಕಿಬಿಟ್ಟಿದ್ದೀರಿ, ಅದು ಹೊರಗೆ, ಎಷ್ಟು ಸಲ ಬಾಲ್ ಅದರೊಳಗೆ ಬಿದ್ದಿಲ್ಲ ಅಂತ ಬೈದರು. ಹೋಗಿ ಅಳೆದೆವು. ಅವರು ಹೇಳಿದ್ದೇ ಸರಿ. ಹಂಚದೆ ಉಳಿದಿದ್ದ ಎಪ್ಪತ್ತು ಪ್ರತಿಗಳನ್ನು ಕ್ಲಬ್ಬಿನ ಮೇಜಿನ ಮೇಲೆ ಹರವಿಕೊಂಡು, ಎರಡು ಸಂಜೆ ಕೂತು, ನೀಲಿ ಪೆನ್ನಿನಲ್ಲಿ ಒಂದೊಂದರಲ್ಲೂ ಗೆರೆ ಈಚೆಗೆ ಎಳೆದೆವು.